ವ್ಯಾನ್ ಕೊಳ್ಳುವ ಮುನ್ನ ಬಿಲ್ಲು ನೋಡಿ: ಕೇಟರಿಂಗ್ ವಾಹನ ಮತ್ತು ತೆರಿಗೆ



ಮಾರ್ಚ್ ತಿಂಗಳು ಬಂತೆಂದರೆ ವಾಹನ ಮಾರುವವರ ಫೋನು ನಮ್ಮ ಹೋಟೆಲುಗಳಿಗೆ ಬಿಡುವಿಲ್ಲದೆ ಬರುತ್ತದೆ. “ಶೇಟ್‌ಜೀ, 31ರೊಳಗೆ ಒಂದು ವ್ಯಾನ್ ತೆಗೆದುಕೊಳ್ಳಿ. ಇನ್‌ಕಮ್ ಟ್ಯಾಕ್ಸ್ ಉಳಿಯುತ್ತದೆ, ಜಿ.ಎಸ್.ಟಿ.ಯೂ ವಾಪಸು ಬರುತ್ತದೆ” ಎಂಬುದು ಅವರ ಮಾತು. ಹೊರಗಿನ ಕೇಟರಿಂಗ್ ಮಾಡುವ ನಮ್ಮವರಿಗೆ ವ್ಯಾನ್ ಬೇಕಾದ ವಸ್ತುವೇ. ಕೊಪ್ಪರಿಗೆ, ಸ್ಟವ್, ಬಫೆ ಪಾತ್ರೆ, ಅಡುಗೆ ಭಟ್ಟರು, ಬಡಿಸುವ ಹುಡುಗರು ಎಲ್ಲ ಒಂದು ಹಾಲ್‌ನಿಂದ ಇನ್ನೊಂದು ಹಾಲ್‌ಗೆ ಹೋಗಬೇಕು. ಬೆಳಗಿನ ಜಾವ ವಾಶಿ ಮಾರ್ಕೆಟಿನಿಂದ ತರಕಾರಿ ಬರಬೇಕು. ಆದ್ದರಿಂದ ಮಾತು ಕಿವಿಗೆ ಹಿತವಾಗಿ ಕೇಳುತ್ತದೆ. ಆದರೆ ಅದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡದೆ ಸಹಿ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಸದಸ್ಯರೊಬ್ಬರ ಕಡತವೇ ಸಾಕ್ಷಿ. ಅವರ ಒಪ್ಪಿಗೆಯಿಂದ, ಹೆಸರು ಬಿಟ್ಟು, ಇಲ್ಲಿ ಬರೆಯುತ್ತಿದ್ದೇವೆ.

ಅಣ್ಣ ತಮ್ಮಂದಿರ ಪಾಲುದಾರಿಕೆ ಸಂಸ್ಥೆ. ಒಂದು ಉಪಾಹಾರ ಗೃಹ ಮತ್ತು ಹೊರಗಿನ ಕೇಟರಿಂಗ್. 2024ರ ಮಾರ್ಚ್ 30ರಂದು ಒಂದು ಸಣ್ಣ ಗೂಡ್ಸ್ ವ್ಯಾನ್ ಕೊಂಡರು. ಮೂಲ ಬೆಲೆ 5,00,000 ರೂ. ಆಗ ಇಂಥ ವಾಹನದ ಮೇಲೆ ಜಿ.ಎಸ್.ಟಿ. ಶೇ. 28 ಇತ್ತು, ಅಂದರೆ 1,40,000 ರೂ. ಮುಂಗಡವೆಂದು ಒಂದೇ ದಿನ 1,50,000 ರೂ. ನಗದು ಕೊಟ್ಟರು. ಉಳಿದದ್ದಕ್ಕೆ ಹಣಕಾಸು ಸಂಸ್ಥೆಯೊಂದರ ಸಾಲ. ಬಿಲ್ಲಿನಲ್ಲಿ ತಮ್ಮ ಜಿ.ಎಸ್.ಟಿ. ಸಂಖ್ಯೆ ಹಾಕಿಸಿದರು. ಲೆಕ್ಕ ಬರೆಯುವ ಹುಡುಗ ಪೋರ್ಟಲಿನಲ್ಲಿ ಕಾಣಿಸಿದ 1,40,000 ರೂ. ಕ್ರೆಡಿಟನ್ನು ತೆಗೆದುಕೊಂಡು ತಿಂಗಳ ತೆರಿಗೆಗೆ ಹೊಂದಿಸಿಬಿಟ್ಟ. ಸುಮಾರು ಒಂದೂವರೆ ವರ್ಷದ ನಂತರ ನೋಟೀಸು ಬಂತು. 1,40,000 ರೂ. ಮರಳಿ ಕಟ್ಟಬೇಕು, ಜೊತೆಗೆ ಶೇ. 18ರ ಬಡ್ಡಿ 37,800 ರೂ. ದೀಪಾವಳಿಯ ಫರಾಳದ ಆರ್ಡರಿಗೆ ಗೋಡಂಬಿ, ತುಪ್ಪ ತರಲು ತೆಗೆದಿಟ್ಟಿದ್ದ ಹಣದಿಂದ ಅದನ್ನು ಕಟ್ಟಬೇಕಾಯಿತು. ಆದಾಯ ತೆರಿಗೆಯಲ್ಲಿ ಆ ವರ್ಷ ಉಳಿದದ್ದು ಎಷ್ಟು? ಒಂದು ರೂಪಾಯಿಯೂ ಇಲ್ಲ.

ಅವರು ಯಾರನ್ನೂ ವಂಚಿಸಲು ಹೋದವರಲ್ಲ. ಪ್ರತಿಯೊಂದು ಹೆಜ್ಜೆಯನ್ನೂ ಯಾರೋ ಹೇಳಿದ್ದನ್ನು ನಂಬಿ ಇಟ್ಟವರು. ಅವರು ಎಲ್ಲಿ ಎಡವಿದರು ಎಂಬುದನ್ನು ಒಂದೊಂದಾಗಿ ನೋಡೋಣ.

ಒಂದನೆಯ ಪಾಠ: ವ್ಯಾನ್ ಖರ್ಚಲ್ಲ, ಆಸ್ತಿ

ಅಕ್ಕಿ, ಬೇಳೆ, ಗ್ಯಾಸು ಕೊಂಡರೆ ಆ ಹಣ ಪೂರ್ತಿ ಆ ವರ್ಷದ ಖರ್ಚು. ವ್ಯಾನ್ ಹಾಗಲ್ಲ. ಅದು ಆಸ್ತಿ. ಅದರ ಬೆಲೆಯನ್ನು ಪ್ರತಿ ವರ್ಷ ಸ್ವಲ್ಪ ಸ್ವಲ್ಪವಾಗಿ ಸವಕಳಿ ಎಂದು ಕಳೆಯಬೇಕು. ಸ್ವಂತ ವ್ಯವಹಾರಕ್ಕೆ ಬಳಸುವ ವ್ಯಾನಿನ ಸವಕಳಿ ದರ ವರ್ಷಕ್ಕೆ ಶೇ. 15. ಅದೂ ಮೊದಲ ಬೆಲೆಯ ಮೇಲಲ್ಲ, ಪ್ರತಿ ವರ್ಷ ಉಳಿದ ಬೆಲೆಯ ಮೇಲೆ. ಕೆಲವರು ಶೇ. 30 ಎಂದು ಹೇಳುವುದನ್ನು ನಾವು ಕೇಳಿದ್ದೇವೆ. ಆ ದರ ವಾಹನವನ್ನು ಬಾಡಿಗೆಗೆ ಓಡಿಸುವುದೇ ವ್ಯವಹಾರವಾಗಿರುವ ಲಾರಿ, ಬಸ್ಸು, ಟ್ಯಾಕ್ಸಿ ಮಾಲೀಕರಿಗೆ. ನಮ್ಮ ಸಾಂಬಾರು ಡಬರಿ ನಾವೇ ಸಾಗಿಸುವುದಕ್ಕೆ ಅದು ಸಿಗದು.

ಈಗಿನ ದರದಲ್ಲಿ ಒಂದು ಲೆಕ್ಕ ಹಾಕೋಣ. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ವಿದ್ಯುತ್ ವಾಹನಕ್ಕೆ ಶೇ. 5. ಡೀಸೆಲ್ ಅಥವಾ ಸಿ.ಎನ್.ಜಿ. ವ್ಯಾನ್ ಎಂದಿಟ್ಟುಕೊಳ್ಳಿ.

ಮೂಲ ಬೆಲೆ 5,00,000
ಜಿ.ಎಸ್.ಟಿ. ಶೇ. 18: 90,000
ರಸ್ತೆ ತೆರಿಗೆ ಮತ್ತು ನೋಂದಣಿ (ಅಂದಾಜು) 35,000
ಪಾತ್ರೆ ಇಡುವ ರ‍್ಯಾಕ್ ಮತ್ತು ಒಳಗಿನ ತಗಡಿನ ಕೆಲಸ (ಅಂದಾಜು) 25,000
ಒಟ್ಟು ಆಸ್ತಿಯ ಬೆಲೆ 6,50,000

ವರ್ಷ ವರ್ಷ ಕಟ್ಟುವ ವಿಮೆ ಇದರಲ್ಲಿ ಸೇರದು. ಅದು ಬೇರೆ ಖರ್ಚು. ಇನ್ನು ಸವಕಳಿ:

ಮೊದಲ ವರ್ಷ 97,500
ಎರಡನೆಯ ವರ್ಷ 82,875
ಮೂರನೆಯ ವರ್ಷ 70,444

ಪಾಲುದಾರಿಕೆ ಸಂಸ್ಥೆಗೆ ತೆರಿಗೆ ಶೇ. 30, ಸೆಸ್ ಸೇರಿ ಶೇ. 31.2. ಆ ಪ್ರಕಾರ ಮೊದಲ ವರ್ಷ ಉಳಿಯುವ ತೆರಿಗೆ 30,420 ರೂ. ಮೂರು ವರ್ಷ ಸೇರಿದರೆ ಸುಮಾರು 78,250 ರೂ. ಕೆಳಗಿನ ಸ್ಲ್ಯಾಬಿನಲ್ಲಿರುವ ಒಬ್ಬರೇ ಮಾಲೀಕರಿಗೆ ಇನ್ನೂ ಕಡಿಮೆ. ಆರೂವರೆ ಲಕ್ಷ ಹೊರಗೆ ಹಾಕಿ ಮೊದಲ ವರ್ಷ ಮೂವತ್ತು ಸಾವಿರ ಉಳಿಸುವುದಕ್ಕೆ ತೆರಿಗೆ ಉಳಿತಾಯ ಎಂದು ಹೆಸರಿಡುವುದು ಸರಿಯೇ ಎಂದು ತಾವೇ ಯೋಚಿಸಿ. ವ್ಯಾನ್ ಕೆಲಸಕ್ಕೆ ಬೇಕಿದ್ದರೆ ಕೊಳ್ಳಿ. ತೆರಿಗೆಗಾಗಿ ಮಾತ್ರ ಕೊಳ್ಳುವುದು ಬೇಡ.

ಇಲ್ಲಿ ದಿನಾಂಕದ ಪ್ರಶ್ನೆಯೂ ಇದೆ. ಕೊಂಡ ವರ್ಷದಲ್ಲಿ ವಾಹನವನ್ನು 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಸವಕಳಿ ಅರ್ಧ ಮಾತ್ರ. ಮೇಲಿನ ಲೆಕ್ಕದಲ್ಲಿ 97,500ರ ಬದಲು 48,750. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿದರೆ 180 ದಿನ ಅಕ್ಟೋಬರ್ ತಿಂಗಳ ಮೊದಲ ಕೆಲವು ದಿನಗಳಿಗೆ ಬಂದು ನಿಲ್ಲುತ್ತದೆ. 2025ರ ವಿಜಯದಶಮಿ ಅಕ್ಟೋಬರ್ 2ರಂದು ಬಂದಿತ್ತು. ಆ ದಿನ ಪೂಜೆ ಮಾಡಿ ಅಂದೇ ಕೆಲಸಕ್ಕೆ ಹಚ್ಚಿದವರಿಗೆ ಪೂರ್ತಿ ದರ. ಧನತ್ರಯೋದಶಿಗೆ ಕೊಂಡವರಿಗೆ ಯಾವ ವರ್ಷವಾದರೂ ಅರ್ಧವೇ. ಹಾಗೆಂದು ಅರ್ಧ ಕಳೆದುಹೋಗುವುದಿಲ್ಲ. ಉಳಿದದ್ದು ಮುಂದಿನ ವರ್ಷಗಳ ಬೆಲೆಯಲ್ಲಿ ಸೇರಿಯೇ ಇರುತ್ತದೆ. ಶುಭ ಮುಹೂರ್ತವನ್ನು ತೆರಿಗೆಗಾಗಿ ಬಿಡಿ ಎಂದು ನಾವು ಹೇಳುವುದಿಲ್ಲ. ಲೆಕ್ಕ ತಿಳಿದಿರಲಿ ಎಂದಷ್ಟೇ ಹೇಳುತ್ತೇವೆ.

ಇನ್ನೂ ಮುಖ್ಯವಾದದ್ದು ಬಳಸಿದ್ದರೆ ಎಂಬ ಮಾತು. ಬಿಲ್ಲಿನ ದಿನಾಂಕ ಸಾಲದು. ನಮ್ಮ ಸದಸ್ಯರ ಬಿಲ್ಲು ಮಾರ್ಚ್ 30ರದ್ದು. ನೋಂದಣಿಯಾಗಿ ವ್ಯಾನ್ ರಸ್ತೆಗೆ ಇಳಿದದ್ದು ಏಪ್ರಿಲ್‌ನಲ್ಲಿ. ಆದ್ದರಿಂದ 31ರೊಳಗೆ ಕೊಂಡೂ ಆ ವರ್ಷಕ್ಕೆ ಅವರಿಗೆ ಅರ್ಧ ಸವಕಳಿಯೂ ಸಿಗಲಿಲ್ಲ.

ಕಂತಿನ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಕಟ್ಟಿದ ಕಂತನ್ನೆಲ್ಲ ಖರ್ಚಿಗೆ ಹಾಕುವಂತಿಲ್ಲ. 5 ಲಕ್ಷ ಸಾಲ, ಶೇ. 10 ಬಡ್ಡಿ, 5 ವರ್ಷ ಎಂದರೆ ತಿಂಗಳ ಕಂತು ಸುಮಾರು 10,620 ರೂ. ಮೊದಲ ವರ್ಷ ಕಟ್ಟುವುದು ಸುಮಾರು 1,27,500. ಅದರಲ್ಲಿ ಬಡ್ಡಿ ಸುಮಾರು 46,300 ಮಾತ್ರ. ಖರ್ಚಿಗೆ ಬರುವುದು ಈ ಬಡ್ಡಿ. ಅಸಲು ಬರುವುದಿಲ್ಲ, ಏಕೆಂದರೆ ಆ ಬೆಲೆಯ ಮೇಲೆ ಸವಕಳಿ ಆಗಲೇ ಸಿಗುತ್ತಿದೆ. ವಾಹನ ಕೆಲಸಕ್ಕೆ ಇಳಿಯುವ ಮೊದಲಿನ ಅವಧಿಯ ಬಡ್ಡಿಯನ್ನು ಆಸ್ತಿಯ ಬೆಲೆಗೆ ಸೇರಿಸಬೇಕು.

ಒಂದು ಸೂಚನೆ: 1961ರ ಆದಾಯ ತೆರಿಗೆ ಕಾಯ್ದೆಯ ಜಾಗದಲ್ಲಿ 2025ರ ಹೊಸ ಕಾಯ್ದೆ ಜಾರಿಗೆ ಬರುವ ದಿನಾಂಕ 2026ರ ಏಪ್ರಿಲ್ 1. ಎರಡರಲ್ಲೂ ಕಲಂಗಳ ಸಂಖ್ಯೆ ಬೇರೆ ಬೇರೆ, ತತ್ವ ಒಂದೇ. ಅದಕ್ಕಾಗಿ ಈ ಲೇಖನದಲ್ಲಿ ಕಲಂ ಸಂಖ್ಯೆಗಳನ್ನು ಬಿಟ್ಟಿದ್ದೇವೆ.

ಎರಡನೆಯ ಪಾಠ: ಜಿ.ಎಸ್.ಟಿ. ವಾಪಸು ಯಾರಿಗೆ?

ನಮ್ಮ ಸದಸ್ಯರಿಗೆ ಹೆಚ್ಚು ಪೆಟ್ಟು ಬಿದ್ದದ್ದು ಇಲ್ಲಿ. ನಮ್ಮಲ್ಲಿ ಬಹುತೇಕರು ಹೋಟೆಲು ಊಟಕ್ಕೂ ಹೊರಗಿನ ಕೇಟರಿಂಗಿಗೂ ಶೇ. 5 ಜಿ.ಎಸ್.ಟಿ. ಹಾಕುತ್ತೇವೆ. ಹೋಟೆಲುಗಳಿಗೆ ಈ ದರ ಬಂದದ್ದು 2017ರ ನವೆಂಬರ್ 15ರಿಂದ, ಹೊರಗಿನ ಕೇಟರಿಂಗಿಗೆ 2019ರ ಅಕ್ಟೋಬರ್ 1ರಿಂದ. ಆ ಕಡಿಮೆ ದರದ ಷರತ್ತೇ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳಬಾರದು ಎಂಬುದು. ತುಪ್ಪದ ಡಬ್ಬಕ್ಕೆ ಕ್ರೆಡಿಟ್ ಇಲ್ಲ, ಬಾಡಿಗೆಗೆ ಇಲ್ಲ, ವ್ಯಾನಿಗೂ ಇಲ್ಲ. ಕಾಂಪೊಸಿಶನ್ ಯೋಜನೆಯಲ್ಲಿರುವ ಸಣ್ಣ ಹೋಟೆಲುಗಳಿಗೂ ಇದೇ ಮಾತು.

“ಪೋರ್ಟಲಿನಲ್ಲಿ ಬಂದಿದೆಯಲ್ಲ, ಮತ್ತೇಕೆ ಬಿಡಬೇಕು?” ಎಂದು ಕೇಳುವವರಿದ್ದಾರೆ. ಮಾರಾಟಗಾರ ನಿಮ್ಮ ಸಂಖ್ಯೆ ಹಾಕಿ ಬಿಲ್ಲು ಸಲ್ಲಿಸಿದರೆ ಅದು 2ಬಿ ಪಟ್ಟಿಯಲ್ಲಿ ತಾನಾಗಿ ಕಾಣಿಸುತ್ತದೆ. ಪಟ್ಟಿಯಲ್ಲಿ ಕಾಣುವುದು ಬೇರೆ, ತೆಗೆದುಕೊಳ್ಳುವ ಹಕ್ಕು ಬೇರೆ. ಅಂಥ ಕ್ರೆಡಿಟನ್ನು ಮಾಸಿಕ ರಿಟರ್ನಿನಲ್ಲಿ ಅನರ್ಹ ಎಂದು ತೋರಿಸಿ ಬಿಡಬೇಕು. ತಪ್ಪಾಗಿ ಪಡೆದು ಬಳಸಿಕೊಂಡರೆ ಶೇ. 18 ಬಡ್ಡಿ, ಮೇಲೆ ದಂಡದ ಸಂಭವವೂ ಇದೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ಕ್ರೆಡಿಟ್ ತೆಗೆದುಕೊಂಡಿದ್ದೀರಿ ಎಂದಾದರೆ ಶೇ. 5ರ ದರದ ಷರತ್ತನ್ನೇ ಮುರಿದಿದ್ದೀರಿ ಎಂಬ ಪ್ರಶ್ನೆ ಏಳಬಹುದು. ಒಂದು ವ್ಯಾನಿನ ತೆರಿಗೆಗಾಗಿ ಇಡೀ ವ್ಯವಹಾರದ ದರವನ್ನು ಪಣಕ್ಕೆ ಇಡುವುದು ಜಾಣತನವಲ್ಲ.

ಹಾಗಾದರೆ ಆ ಜಿ.ಎಸ್.ಟಿ. ಪೂರ್ತಿ ನಷ್ಟವೇ? ಅಲ್ಲ. ಕ್ರೆಡಿಟ್ ಸಿಗದ ತೆರಿಗೆ ಆಸ್ತಿಯ ಬೆಲೆಗೆ ಸೇರುತ್ತದೆ. ಮೇಲಿನ ಲೆಕ್ಕದಲ್ಲಿ 90,000 ರೂ. ಸೇರಿಸಿದ್ದು ಇದೇ ಕಾರಣಕ್ಕೆ. ಅದರ ಮೇಲೆ ಸವಕಳಿ ಬರುತ್ತದೆ. ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ ಅಷ್ಟೇ: ಕ್ರೆಡಿಟ್ ತೆಗೆದುಕೊಂಡ ಮೊತ್ತದ ಮೇಲೆ ಸವಕಳಿ ಇಲ್ಲ. ನಮ್ಮ ಸದಸ್ಯರು ಕ್ರೆಡಿಟ್ ಮರಳಿಸಿದ ಮೇಲೆ ಆ 1,40,000 ರೂ.ಯನ್ನು ವ್ಯಾನಿನ ಬೆಲೆಗೆ ಸೇರಿಸುವ ಕೆಲಸವನ್ನು ಅವರ ಸಿ.ಎ. ಮಾಡುತ್ತಿದ್ದಾರೆ.

ಕ್ರೆಡಿಟ್ ಸಿಗುವವರೂ ನಮ್ಮಲ್ಲಿ ಇದ್ದಾರೆ. ದಿನಕ್ಕೆ 7,500 ರೂ. ಮೀರಿದ ಬಾಡಿಗೆಯ ಕೊಠಡಿಗಳಿರುವ ದೊಡ್ಡ ಹೋಟೆಲುಗಳ ಆವರಣದಲ್ಲಿ ಶೇ. 18 ಹಾಕಿ ಊಟ ಕೊಡುವವರು ಒಂದು ಬಗೆ. ದೋಸೆ ಹಿಟ್ಟು, ಚಕ್ಕುಲಿ, ಉಪ್ಪಿನಕಾಯಿ ತಯಾರಿಸಿ ಅಂಗಡಿಗಳಿಗೆ ಸರಕಾಗಿ ಮಾರುವವರು ಇನ್ನೊಂದು ಬಗೆ. ಇವರು ಎರಡು ವಿಷಯ ನೋಡಬೇಕು. ಮೊದಲನೆಯದು ವಾಹನದ ಮಾದರಿ. ಚಾಲಕನೂ ಸೇರಿ 13 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರಯಾಣಿಕ ವಾಹನಕ್ಕೆ ನಮ್ಮಂಥವರಿಗೆ ಕ್ರೆಡಿಟ್ ಇಲ್ಲ; ಸರಕು ಸಾಗಣೆ ವಾಹನಕ್ಕೆ ಆ ಅಡ್ಡಿ ಇಲ್ಲ. ಒಂದೇ ವ್ಯಾನ್ ಪ್ಯಾಸೆಂಜರ್ ಮಾದರಿಯಲ್ಲೂ ಗೂಡ್ಸ್ ಮಾದರಿಯಲ್ಲೂ ಸಿಗುವಾಗ ಸೀಟು ಇರಲಿ ಎಂದು ಮೊದಲನೆಯದನ್ನು ಆರಿಸಿದರೆ ಕ್ರೆಡಿಟ್ ಹೋಯಿತು. ಅದರ ರಿಪೇರಿ ಮತ್ತು ವಿಮೆಯ ಕ್ರೆಡಿಟ್ಟೂ ಅದರ ಹಿಂದೆಯೇ ಹೋಯಿತು. ಎರಡನೆಯದು ಬೆರಕೆ ಬಳಕೆ. ಅದೇ ವ್ಯಾನ್ ಬೆಳಿಗ್ಗೆ ಅಂಗಡಿಗಳಿಗೆ ಹಿಟ್ಟು ಹಂಚಿ ಸಂಜೆ ಶೇ. 5ರ ಮದುವೆ ಊಟ ಸಾಗಿಸಿದರೆ ಕ್ರೆಡಿಟ್ ಪೂರ್ತಿ ಸಿಗದು. ವಹಿವಾಟಿನ ಪಾಲಿಗೆ ತಕ್ಕಂತೆ, 60 ತಿಂಗಳಿಗೆ ಹಂಚಿ, ಒಂದು ಭಾಗವನ್ನು ಮರಳಿಸುತ್ತಾ ಹೋಗಬೇಕು.

ಮೂರನೆಯ ಪಾಠ: ಹಣ ಹೇಗೆ ಕೊಟ್ಟಿರಿ?

ಆಸ್ತಿ ಕೊಳ್ಳುವಾಗ ಒಬ್ಬರಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ಬೆಲೆಯಲ್ಲಿ ಸೇರುವುದೇ ಇಲ್ಲ. ನಮ್ಮ ಸದಸ್ಯರು ಕೊಟ್ಟ 1,50,000 ರೂ. ನಗದಿನ ಮೇಲೆ ಈ ವರ್ಷವೂ ಸವಕಳಿ ಇಲ್ಲ, ಮುಂದೆಂದೂ ಇಲ್ಲ. ಶೇ. 31.2ರಂತೆ ನೋಡಿದರೆ ವರ್ಷಗಳು ಕಳೆದಂತೆ ಸಿಗಬೇಕಾಗಿದ್ದ ಸುಮಾರು 46,800 ರೂ. ತೆರಿಗೆ ಉಳಿತಾಯ ಒಂದು ಚೆಕ್ಕು ಬರೆಯದ ಕಾರಣಕ್ಕೆ ಹೋಯಿತು. ಗಲ್ಲಾಪೆಟ್ಟಿಗೆಯಲ್ಲಿ ನಗದು ಇದೆ ಎಂದಾದರೆ ಮೊದಲು ಬ್ಯಾಂಕಿಗೆ ಕಟ್ಟಿ, ನಂತರ ಚೆಕ್ಕು ಅಥವಾ ಆರ್.ಟಿ.ಜಿ.ಎಸ್. ಮೂಲಕ ಕೊಡಿ.

ಮುಂಗಡಕ್ಕೆ ಭಾವನಿಂದಲೋ ಚಿಕ್ಕಪ್ಪನಿಂದಲೋ ಕೈಸಾಲ ಪಡೆಯುವುದು ನಮ್ಮಲ್ಲಿ ವಾಡಿಕೆ. 20,000 ರೂ. ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾಯ್ದೆಗೆ ವಿರುದ್ಧ. ಸಾಲದಷ್ಟೇ ಮೊತ್ತದ ದಂಡವನ್ನು ಪಡೆದವರ ಮೇಲೆ ಹಾಕಲು ಅವಕಾಶವಿದೆ. ನಂಬಿಕೆಯ ವ್ಯವಹಾರವೇ ಆಗಿರಲಿ, ಖಾತೆಯಿಂದ ಖಾತೆಗೆ ಹೋಗಲಿ.

ಸಾಲ ಯಾರದು ಎಂಬುದೂ ಮುಖ್ಯ. ಬ್ಯಾಂಕಿನ ಸಾಲವಾದರೆ ಬಡ್ಡಿಯ ಮೇಲೆ ನಾವು ಟಿ.ಡಿ.ಎಸ್. ಕಡಿಯಬೇಕಾಗಿಲ್ಲ. ಬ್ಯಾಂಕೇತರ ಹಣಕಾಸು ಸಂಸ್ಥೆಯ ಸಾಲಕ್ಕೆ ಆ ವಿನಾಯಿತಿ ಇಲ್ಲ. ಪಾಲುದಾರಿಕೆ ಸಂಸ್ಥೆಗಳು, ಮತ್ತು ಹಿಂದಿನ ವರ್ಷದ ವಹಿವಾಟು 1 ಕೋಟಿ ಮೀರಿದ ಒಬ್ಬರೇ ಮಾಲೀಕರು, ವರ್ಷದ ಬಡ್ಡಿ 10,000 ರೂ. ಮೀರಿದರೆ ಶೇ. 10 ಟಿ.ಡಿ.ಎಸ್. ಕಟ್ಟಬೇಕು. 2025ರ ಏಪ್ರಿಲ್ 1ಕ್ಕೆ ಮೊದಲು ಈ ಮಿತಿ 5,000 ರೂ. ಇತ್ತು. ಕಂತು ಖಾತೆಯಿಂದ ತಾನಾಗಿ ಹೋಗುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ. ಕಡಿಯದಿದ್ದರೆ ಬಡ್ಡಿಯ ಶೇ. 30 ಭಾಗ ಖರ್ಚಿನಿಂದ ಹೊರಗೆ ಬೀಳುತ್ತದೆ, 46,300ರಲ್ಲಿ 13,890. ಆ ಸಂಸ್ಥೆ ತನ್ನ ಆದಾಯದಲ್ಲಿ ಬಡ್ಡಿಯನ್ನು ತೋರಿಸಿ ತೆರಿಗೆ ಕಟ್ಟಿದೆ ಎಂಬ ಸಿ.ಎ. ಪ್ರಮಾಣಪತ್ರ ತಂದರೆ ಪರಿಹಾರ ಉಂಟು. ಆದರೆ ಆ ಕಾಗದಕ್ಕಾಗಿ ಅಲೆಯುವುದಕ್ಕಿಂತ ಸಾಲ ಪಡೆಯುವಾಗಲೇ ಟಿ.ಡಿ.ಎಸ್. ಬಗ್ಗೆ ಮಾತಾಡಿಕೊಳ್ಳುವುದು ಸುಲಭ.

ವಾಹನದ ಬೆಲೆ 10 ಲಕ್ಷ ಮೀರಿದರೆ ಮಾರಾಟಗಾರರು ಶೇ. 1 ಟಿ.ಸಿ.ಎಸ್. ಹಿಡಿಯುತ್ತಾರೆ. ಅದು ನಷ್ಟವಲ್ಲ, ನಮ್ಮದೇ ಮುಂಗಡ ತೆರಿಗೆ. ಬಿಲ್ಲಿನಲ್ಲಿ ಪಾನ್ ಸಂಖ್ಯೆ ಸರಿಯಾಗಿದ್ದರೆ ವರ್ಷದ ಕೊನೆಗೆ ಹೊಂದಿಸಿಕೊಳ್ಳಬಹುದು.

ನಾಲ್ಕನೆಯ ಪಾಠ: ಯಾರ ಹೆಸರಿನಲ್ಲಿ?

ಒಬ್ಬರೇ ಮಾಲೀಕರಾಗಿದ್ದರೆ ತಮ್ಮ ಸ್ವಂತ ಹೆಸರಿನಲ್ಲಿ ನೋಂದಾಯಿಸಿದರೆ ಸಾಕು. ವ್ಯವಹಾರದ್ದೂ ಅವರದ್ದೂ ಒಂದೇ ಪಾನ್. ಮಗನ ಹೆಸರು, ಹೆಂಡತಿಯ ಹೆಸರು ಎಂದಾಗ ತೊಡಕು ಶುರುವಾಗುತ್ತದೆ. ಸವಕಳಿ ಸಿಗುವುದು ಮಾಲೀಕನಿಗೆ. ಮಗನ ವ್ಯಾನಿಗೆ ಅಪ್ಪನ ಲೆಕ್ಕದಲ್ಲಿ ಸವಕಳಿ ಏಕೆ ಎಂದು ಅಧಿಕಾರಿ ಕೇಳಿಯೇ ಕೇಳುತ್ತಾರೆ. ಪಾಲುದಾರಿಕೆಯಲ್ಲಿ ವಾಹನ ಸಂಸ್ಥೆಯ ಹೆಸರಿನಲ್ಲೇ ಇರುವುದು ಒಳ್ಳೆಯದು.

ಪಾಲುದಾರನ ಹೆಸರಿನಲ್ಲಿ ಆಗಲೇ ನೋಂದಣಿ ಆಗಿಹೋಗಿದ್ದರೆ ಧೈರ್ಯಗೆಡಬೇಕಾಗಿಲ್ಲ. ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಎರಡು ಪ್ರಸಿದ್ಧ ತೀರ್ಪುಗಳೂ ನಮ್ಮ ನಾಡಿನ ಸಂಸ್ಥೆಗಳವು. 1999ರ ಮೈಸೂರು ಮಿನರಲ್ಸ್ ಪ್ರಕರಣದಲ್ಲಿ ಕಂಪೆನಿ ಸಿಬ್ಬಂದಿಗಾಗಿ ಮನೆಗಳನ್ನು ಪಡೆದು ಬಳಸುತ್ತಿತ್ತು, ಕ್ರಯಪತ್ರ ಮಾತ್ರ ಆಗಿರಲಿಲ್ಲ. ಆದರೂ ಸವಕಳಿ ಸಿಕ್ಕಿತು. 2013ರಲ್ಲಿ ಮಣಿಪಾಲದ ಐ.ಸಿ.ಡಿ.ಎಸ್. ಪ್ರಕರಣದಲ್ಲಿ ವಾಹನಗಳು ಲೀಸ್ ಪಡೆದವರ ಹೆಸರಿನಲ್ಲಿ ನೋಂದಣಿಯಾಗಿದ್ದರೂ ಹಣ ಹಾಕಿದ ಮಾಲೀಕ ಸಂಸ್ಥೆಗೇ ಸವಕಳಿ ಎಂದು ನ್ಯಾಯಾಲಯ ಹೇಳಿತು. ನೋಂದಣಿ ಪುಸ್ತಕದ ಹೆಸರು ಒಂದೇ ಆದಾಯ ತೆರಿಗೆಯಲ್ಲಿ ಮಾಲೀಕತ್ವವನ್ನು ತೀರ್ಮಾನಿಸದು ಎಂಬುದು ಇದರ ಸಾರ. ಆದರೆ ಹಣ ಸಂಸ್ಥೆಯ ಖಾತೆಯಿಂದಲೇ ಹೋಗಿದೆ, ವಾಹನ ಸಂಸ್ಥೆಯ ಲೆಕ್ಕದಲ್ಲಿದೆ, ಕೆಲಸ ಸಂಸ್ಥೆಯದೇ ಎಂದು ತೋರಿಸಲು ಕಾಗದ ಇರಬೇಕು. ಒಂದು ಟೆಂಪೋ ವ್ಯಾನಿಗಾಗಿ ದೆಹಲಿಯ ತನಕ ಹೋಗುವ ಶಕ್ತಿ ನಮಗಿಲ್ಲ. ಮೊದಲ ದಿನವೇ ಸರಿಯಾದ ಹೆಸರು ಬರೆಸುವುದು ಲೇಸು.

ಐದನೆಯ ಪಾಠ: ಅಂದಾಜು ಲಾಭದ ಪದ್ಧತಿಯವರಿಗೆ

ಸಣ್ಣ ಹೋಟೆಲುಗಳ ಎಷ್ಟೋ ಮಾಲೀಕರು ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸಿ ತೆರಿಗೆ ಕಟ್ಟುತ್ತಾರೆ. ನಗದು ವಹಿವಾಟಿಗೆ ಶೇ. 8, ಬ್ಯಾಂಕು ಅಥವಾ ಯು.ಪಿ.ಐ. ಮೂಲಕ ಬಂದದ್ದಕ್ಕೆ ಶೇ. 6. ವಹಿವಾಟಿನ ಮಿತಿ 2 ಕೋಟಿ, ನಗದು ಶೇ. 5 ಮೀರದಿದ್ದರೆ 3 ಕೋಟಿ. ಈ ಪದ್ಧತಿಯಲ್ಲಿ ಸವಕಳಿಯನ್ನು ಆಗಲೇ ಕೊಟ್ಟಾಯಿತು ಎಂದೇ ಕಾಯ್ದೆ ಭಾವಿಸುತ್ತದೆ. ಪೂರ್ತಿ ಬ್ಯಾಂಕಿನ ಮೂಲಕ 80 ಲಕ್ಷ ವಹಿವಾಟು ಇದ್ದು ಶೇ. 6 ತೋರಿಸುವವರ ಆದಾಯ 4,80,000. ವ್ಯಾನ್ ಕೊಂಡರೂ ಅಷ್ಟೇ, ಕೊಳ್ಳದಿದ್ದರೂ ಅಷ್ಟೇ. ಇವರಿಗೆ ಮಾರ್ಚ್ 31ರ ಅವಸರದಿಂದ ಆಗುವ ಲಾಭ ಸೊನ್ನೆ. ಇಷ್ಟಾದರೂ ಸವಕಳಿ ಕಾಗದದ ಮೇಲೆ ವರ್ಷ ವರ್ಷ ಕಳೆಯುತ್ತಲೇ ಹೋಗುತ್ತದೆ. ಮುಂದೆ ಪೂರ್ತಿ ಲೆಕ್ಕಕ್ಕೆ ಬದಲಾದರೆ ಹಳೆಯ ಬೆಲೆ ಹಾಗೆಯೇ ಉಳಿದಿರುವುದಿಲ್ಲ.

ಓಡಿಸುವಾಗ, ಮಾರುವಾಗ

ಪೆಟ್ರೋಲು, ಡೀಸೆಲ್ ಜಿ.ಎಸ್.ಟಿ.ಯ ಹೊರಗಿವೆ, ಅದರ ಕ್ರೆಡಿಟ್ ಯಾರಿಗೂ ಇಲ್ಲ. ಬಿಲ್ಲಿನಲ್ಲಿ ವಾಹನದ ಸಂಖ್ಯೆ ಬರೆಸಿ. ಒಂದು ಸಾದಾ ಪುಸ್ತಕದಲ್ಲಿ ದಿನಾಂಕ, ಯಾವ ಹಾಲ್, ಎಷ್ಟು ಕಿಲೋಮೀಟರ್ ಎಂದು ಚಾಲಕನಿಂದ ಬರೆಸಿ. ಮನೆಯವರೊಂದಿಗೆ ಊರಿಗೆ ಹೋಗಿ ಬಂದದ್ದು ಇದ್ದರೆ ಆ ಪಾಲಿನ ಸವಕಳಿ ಮತ್ತು ಡೀಸೆಲ್ ಖರ್ಚನ್ನು ಬಿಡಬೇಕು. ಪುಸ್ತಕ ಇಲ್ಲದಿದ್ದರೆ ಅಧಿಕಾರಿ ತಮ್ಮ ಅಂದಾಜಿನಂತೆ ಕಡಿಯುತ್ತಾರೆ.

ಸರಕು ವಾಹನದ ಒಟ್ಟು ತೂಕ 3,000 ಕಿಲೋ ಮೀರದಿದ್ದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರ್ಮಿಟ್ ಬೇಡ. ಫಿಟ್‌ನೆಸ್ ಮಾತ್ರ ಬೇಕೇ ಬೇಕು. ಲಘು ವಾಹನದ ಲೈಸೆನ್ಸ್ ಇರುವ ಚಾಲಕ 7,500 ಕಿಲೋ ತನಕದ ಸಾರಿಗೆ ವಾಹನ ಓಡಿಸಬಹುದು ಎಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಆದರೆ ಖಾಸಗಿ ಪ್ರಯಾಣಿಕ ವಾಹನವೆಂದು ನೋಂದಣಿಯಾದ ವ್ಯಾನಿನಲ್ಲಿ ದಿನವೂ ಕೊಪ್ಪರಿಗೆ, ಸಿಲಿಂಡರ್ ಸಾಗಿಸಿದರೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಬಹುದು ಎಂಬುದು ನೆನಪಿರಲಿ.

ಹಳೆಯ ವ್ಯಾನ್ ಮಾರುವಾಗ ಅಥವಾ ಎಕ್ಸ್‌ಚೇಂಜ್ ಕೊಡುವಾಗ ಬಂದ ಬೆಲೆಯನ್ನು ಲೆಕ್ಕದಲ್ಲಿ ತೋರಿಸಬೇಕು. ಆದಾಯ ತೆರಿಗೆಯಲ್ಲಿ ವ್ಯಾನ್, ಗ್ರೈಂಡರ್, ಫ್ರಿಜ್ ಎಲ್ಲ ಶೇ. 15ರ ಒಂದೇ ಗುಂಪು. ಮಾರಿದ ಹಣವನ್ನು ಆ ಗುಂಪಿನ ಬೆಲೆಯಿಂದ ಕಳೆಯುತ್ತಾರೆ. ಗುಂಪಿನಲ್ಲಿ ಬೇರೆ ಯಂತ್ರಗಳ ಬೆಲೆ ಸಾಕಷ್ಟಿದ್ದರೆ ಕೂಡಲೇ ತೆರಿಗೆ ಬೀಳುವುದಿಲ್ಲ. ಜಿ.ಎಸ್.ಟಿ.ಯಲ್ಲಿ, ಕ್ರೆಡಿಟ್ ತೆಗೆದುಕೊಳ್ಳದ ಹಳೆಯ ವಾಹನವನ್ನು ನೋಂದಾಯಿತ ವ್ಯಾಪಾರಿ ಮಾರಿದರೆ ಮಾರಿದ ಬೆಲೆ ಮತ್ತು ಸವಕಳಿ ಕಳೆದ ಬೆಲೆಯ ನಡುವಿನ ವ್ಯತ್ಯಾಸಕ್ಕೆ ತೆರಿಗೆ. 2025ರ ಜನವರಿ 25ರಿಂದ ಅದು ಶೇ. 18. ಲೆಕ್ಕದಲ್ಲಿ 1,20,000 ಇರುವ ವ್ಯಾನ್ 1,50,000ಕ್ಕೆ ಹೋದರೆ 30,000ದ ಮೇಲೆ 5,400 ರೂ. ತೆರಿಗೆ. 1,00,000ಕ್ಕೇ ಹೋದರೆ ತೆರಿಗೆ ಇಲ್ಲ.

ಕೊಳ್ಳುವುದೋ, ಬಾಡಿಗೆಯೋ?

ತಿಂಗಳಿಗೆ 8 ಟ್ರಿಪ್, ಟ್ರಿಪ್ಪಿಗೆ 2,500 ಎಂದರೆ ವರ್ಷಕ್ಕೆ 2,40,000 ರೂ. ಅದು ಪೂರ್ತಿ ಆ ವರ್ಷದ ಖರ್ಚು. ಸವಕಳಿಯ ತಲೆನೋವಿಲ್ಲ, ಫಿಟ್‌ನೆಸ್ ಇಲ್ಲ, ಮಳೆಗಾಲದ ಖಾಲಿ ದಿನಗಳಲ್ಲಿ ಕಂತಿಲ್ಲ. ಬಾಡಿಗೆ ವಾಹನದವರಿಗೆ ದಿನಕ್ಕೆ 35,000 ರೂ. ತನಕ ನಗದು ಕೊಡಬಹುದು. 10 ಅಥವಾ ಕಡಿಮೆ ವಾಹನ ಇರುವ ಮಾಲೀಕರು ಪಾನ್ ಸಹಿತ ಘೋಷಣಾ ಪತ್ರ ಕೊಟ್ಟರೆ ಟಿ.ಡಿ.ಎಸ್. ಕಡಿಯಬೇಕಾಗಿಲ್ಲ; ವಿವರವನ್ನು ರಿಟರ್ನಿನಲ್ಲಿ ಕೊಟ್ಟರಾಯಿತು. ಟ್ರಿಪ್ಪುಗಳು ಇಪ್ಪತ್ತು ಇಪ್ಪತ್ತೈದಕ್ಕೆ ಏರಿದಾಗ ಸ್ವಂತ ವ್ಯಾನಿನ ಲೆಕ್ಕ ಹಾಕಿ. ಆಗಲೂ ಚಾಲಕನ ಸಂಬಳ, ವಿಮೆ, ಇಂಧನ, ಪಾರ್ಕಿಂಗ್, ಕಂತು ಎಲ್ಲವನ್ನೂ ಒಂದು ಕಾಗದದ ಮೇಲೆ ಬರೆದು ಕೂಡಿಸಿ. ತೆರಿಗೆಯ ಉಳಿತಾಯವನ್ನು ಕೊನೆಯ ಸಾಲಿನಲ್ಲಿ ಬರೆಯಿರಿ, ಮೊದಲ ಸಾಲಿನಲ್ಲಿ ಬೇಡ.

ಸಹಿ ಹಾಕುವ ಮುನ್ನ

1. ನಾವು ಶೇ. 5ರವರೋ, ಶೇ. 18ರವರೋ, ಸರಕು ಮಾರುವವರೋ? ಕ್ರೆಡಿಟ್ ಇದೆಯೇ ಇಲ್ಲವೇ ಎಂದು ಮೊದಲೇ ಬರೆದಿಡಿ.
2. ಬಿಲ್ಲು, ಸಾಲ, ನೋಂದಣಿ ಮೂರೂ ಒಂದೇ ಹೆಸರಿನಲ್ಲಿ ಇವೆಯೇ?
3. ಮುಂಗಡವೂ ಸೇರಿ ಎಲ್ಲ ಹಣ ಬ್ಯಾಂಕಿನ ಮೂಲಕ ಹೋಗಿದೆಯೇ?
4. ವಾಹನ ಗೂಡ್ಸ್ ಮಾದರಿಯೋ, ಪ್ಯಾಸೆಂಜರ್ ಮಾದರಿಯೋ?
5. ರಸ್ತೆಗೆ ಇಳಿಯುವ ದಿನ ಯಾವುದು? ಅದಕ್ಕೆ ಕಾಗದದ ಆಧಾರ ಇದೆಯೇ?
6. ಸಾಲ ಬ್ಯಾಂಕಿನದೋ, ಬ್ಯಾಂಕೇತರ ಸಂಸ್ಥೆಯದೋ?
7. ಅಂದಾಜು ಲಾಭದ ಪದ್ಧತಿಯಲ್ಲಿದ್ದೇವೆಯೇ?

ಈ ಏಳು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಮುಂಗಡ ಕೊಡುವ ಹಿಂದಿನ ದಿನ ತಮ್ಮ ಸಿ.ಎ. ಅವರ ಬಳಿ ಹೋಗಿ. ಮಾರನೆಯ ದಿನ ಹೋಗುವುದು ಮದುವೆ ಮುಗಿದ ಮೇಲೆ ಜಾತಕ ತೋರಿಸಿದ ಹಾಗೆ. ಪ್ರತಿಯೊಬ್ಬರ ಲೆಕ್ಕವೂ ಬೇರೆ ಇರುವುದರಿಂದ ಈ ಲೇಖನವನ್ನು ಓದಿ ವಿಷಯ ತಿಳಿದುಕೊಳ್ಳಿ; ನಿರ್ಧಾರಕ್ಕೆ ಅವರ ಸಲಹೆ ಪಡೆಯಿರಿ.

ನಮ್ಮ ಸದಸ್ಯರ ವ್ಯಾನ್ ಈಗ ಚೆನ್ನಾಗಿಯೇ ಓಡುತ್ತಿದೆ. ಅವರಿಗೆ ಅದು ನಿಜವಾಗಿ ಬೇಕಾಗಿತ್ತು. ವ್ಯಾನ್ ಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ, ಕೊಂಡ ಬಗೆಯಲ್ಲಿ ಇತ್ತು. “ಒಂದು ದಿನ ತಡೆದು ಕೇಳಿದ್ದರೆ ಸಾಕಿತ್ತು” ಎಂದು ಅವರು ನಮ್ಮೊಡನೆ ಹೇಳಿದರು. ಆ ಒಂದು ದಿನವನ್ನು ತಾವು ತಡೆದರೆ ಈ ಲೇಖನ ಬರೆದದ್ದು ಸಾರ್ಥಕ.